ಶಾಕ್ ಹೊತ್ತ ಅಪವಾದ: ಒಂದು ಆರ್‌ಸಿ ಟ್ರಕ್ಕಿನ ಪ್ರಕರಣ ಅಧ್ಯಯನ

ತೀರ್ಥಹಳ್ಳಿ ಸೀಮೆಯ ಅಡಿಕೆ ಬೆಳೆಗಾರರ ಮನೆಯ ಯುವಕನೊಬ್ಬನ ರಿಮೋಟ್ ಕಂಟ್ರೋಲ್ ಟ್ರಕ್ಕಿನ ಹಿಂದಿನ ಸಸ್ಪೆನ್ಷನ್ ಕೆಟ್ಟು, ಅದನ್ನು ಸರಿಪಡಿಸಲು ಮೊದಲು ಅವನು, ಆಮೇಲೆ ನಾನು, ಹೆಚ್ಚುಕಡಿಮೆ ಎರಡು ತಿಂಗಳು ತಪ್ಪು ದಾರಿಯಲ್ಲಿ ಓಡಾಡಿದ ವಿವರ ಇಲ್ಲಿದೆ. ಹುಡುಗನ ಹೆಸರು, ಊರು, ಗಾಡಿಯ ಕಂಪನಿ ಇವುಗಳನ್ನು ಬಿಟ್ಟಿದ್ದೇನೆ. ತೆಗೆದ ಅಳತೆಗಳನ್ನೂ ಇಬ್ಬರ ತಪ್ಪುಗಳನ್ನೂ ಬಿಟ್ಟಿಲ್ಲ. ನಾನು ಶಿವಮೊಗ್ಗದಲ್ಲಿ ಬೇರೆ ಉದ್ಯೋಗದಲ್ಲಿರುವವನು. ಸಂಜೆಯ ಹೊತ್ತು ಇಂಥ ಗಾಡಿಗಳನ್ನು ಬಿಚ್ಚಿ ಕಟ್ಟುವುದು ಹವ್ಯಾಸ.

ಗಾಡಿ 1:10 ಪ್ರಮಾಣದ ಶಾರ್ಟ್ ಕೋರ್ಸ್ ಟ್ರಕ್ (ಮಣ್ಣಿನ ಹಾದಿಯ ಪಂದ್ಯದ ಟ್ರಕ್ಕುಗಳ ಮಾದರಿಯದು), ಹಿಂದಿನ ಎರಡು ಚಕ್ರಗಳಿಗೆ ಮಾತ್ರ ಶಕ್ತಿ, ಬ್ಯಾಟರಿ ಸೇರಿ ತೂಕ 2.4 ಕಿಲೋ. ನಾಲ್ಕು ಚಕ್ರಗಳಿಗೂ ಎಣ್ಣೆ ತುಂಬಿದ ಶಾಕ್‌ಗಳಿವೆ: ಹೊರಗೆ ಸುರುಳಿ ಸ್ಪ್ರಿಂಗ್, ಒಳಗೆ ಸಿಲಿಕೋನ್ ಎಣ್ಣೆ, ಆ ಎಣ್ಣೆಯಲ್ಲಿ 3 ಮಿ.ಮೀ. ದಪ್ಪದ ಉಕ್ಕಿನ ಶಾಫ್ಟಿನ ತುದಿಗೆ ಕಟ್ಟಿದ, ಸಣ್ಣ ರಂಧ್ರಗಳಿರುವ ಪಿಸ್ಟನ್. ಚಕ್ರ ಉಬ್ಬಿನ ಮೇಲೆ ಹತ್ತಿದಾಗ ಭಾರ ಹೊರುವುದು ಸ್ಪ್ರಿಂಗ್. ಆ ಸ್ಪ್ರಿಂಗ್ ಕುಣಿಯದಂತೆ ನಿಧಾನಿಸುವುದು ರಂಧ್ರಗಳಲ್ಲಿ ನುಸುಳುವ ಎಣ್ಣೆ. ಈ ಎರಡು ಕೆಲಸಗಳು ಬೇರೆ ಬೇರೆ ಎಂಬುದನ್ನು ಓದುಗರು ನೆನಪಿಟ್ಟುಕೊಳ್ಳಬೇಕು, ಏಕೆಂದರೆ ಇಡೀ ಪ್ರಕರಣ ನಿಂತಿರುವುದು ಅದರ ಮೇಲೆ. ನಾನೇ ಅದನ್ನು ಮರೆತಿದ್ದೆ.

ಬೇಸಿಗೆಯಲ್ಲಿ ಗಾಡಿ ಚೆನ್ನಾಗಿಯೇ ಓಡಿತ್ತು. ಅಂಗಳದ ಅಂಚಿನಿಂದ ದರೆಯ ಬುಡದವರೆಗೆ ಒಂದು ಸುತ್ತು, ನಡುವೆ ಅಡಿಕೆ ದಬ್ಬೆಗಳನ್ನು ಜೋಡಿಸಿ ಕಟ್ಟಿದ ಒಂದು ಇಳಿಜಾರು ಹಲಗೆ, ಅದರ ಮೇಲಿಂದ ಹಾರಿದರೆ ಬೀಳುವ ಜಾಗದಲ್ಲಿ ಜಂಬಿಟ್ಟಿಗೆ ಕಲ್ಲಿನ ಒಂದು ಮೆಟ್ಟಿಲು. ಆ ಮೆಟ್ಟಿಲಿಗೆ ಹಿಂದಿನ ಬಲ ಚಕ್ರ ಎರಡು ಮೂರು ಸಲ ಬಲವಾಗಿ ಬಡಿದದ್ದನ್ನು ಹುಡುಗ ಮೊದಲ ದಿನ ಹೇಳಲಿಲ್ಲ. ಮುಚ್ಚಿಟ್ಟದ್ದಲ್ಲ, ಅದು ಹೇಳಬೇಕಾದ ಸಂಗತಿ ಎಂದು ಅವನಿಗೆ ಅನ್ನಿಸಿರಲಿಲ್ಲ. ಮಳೆ ಹಿಡಿದ ಮೇಲೆ ಗಾಡಿ ಅಟ್ಟ ಸೇರಿತು. ಭಾದ್ರಪದದಲ್ಲಿ ಮಳೆ ತುಸು ಹಿಂದಾದಾಗ ಇಳಿಸಿ, ಇನ್ನೂ ಹಸಿಯಾಗಿದ್ದ ಕೆಮ್ಮಣ್ಣಿನಲ್ಲಿ ಓಡಿಸಿದ. ಓಡಿಸಿದ ಪ್ರತಿ ಸಂಜೆ ತೊಳೆದ. ತೊಳೆದದ್ದು ತೋಟಕ್ಕೆ ಔಷಧಿ ಹೊಡೆಯುವ ಪಂಪಿನಿಂದ.

ಮಲೆನಾಡಿನವರಿಗೆ ಈ ಪಂಪನ್ನು ವಿವರಿಸಬೇಕಾಗಿಲ್ಲ. ಕೊಳೆರೋಗಕ್ಕೆ ಹೊಡೆಯುವ ಬೋರ್ಡೋ ದ್ರಾವಣ ನೂರು ಲೀಟರ್ ನೀರಿಗೆ ಒಂದು ಕಿಲೋ ಮೈಲುತುತ್ತ, ಒಂದು ಕಿಲೋ ಸುಣ್ಣ ಬೀಳುವಂಥದ್ದು. ಎಷ್ಟು ಶೋಧಿಸಿದರೂ ಸುಣ್ಣದ ನುಣುಪು ಗಸಿ ಪೈಪಿನಲ್ಲಿ ಉಳಿಯುತ್ತದೆ. ಮರದ ತುದಿಯ ಗೊನೆಗೆ ಮುಟ್ಟಬೇಕಾದ ಒತ್ತಡದಲ್ಲಿ ಆ ನೀರನ್ನು ಕೈಯಳತೆಯ ಗಾಡಿಯ ಸಂದುಗಳಿಗೆ ಹೊಡೆದರೆ, ಕೆಸರು ಹೊರಗೆ ಬರುವುದಕ್ಕಿಂತ ಒಳಗೆ ಹೋಗುವುದೇ ಹೆಚ್ಚು.

ದೀಪಾವಳಿಯ ಹೊತ್ತಿಗೆ ಗಾಡಿಯ ನಡತೆ ಕೆಟ್ಟಿತ್ತು. ಹಾರಿ ಬಿದ್ದ ಮೇಲೆ ಹಿಂಬದಿಯ ಬಲ ಮೂಲೆ ಕುಕ್ಕರಿಸಿದಂತೆ ಕೆಳಗೇ ಉಳಿಯುತ್ತಿತ್ತು. ಎಡಕ್ಕೆ ತಿರುಗಿಸಿದರೆ ಬಲಕ್ಕೆ ವಾಲಿ ಮಗುಚುತ್ತಿತ್ತು. ಸಣ್ಣ ಉಬ್ಬುಗಳ ಮೇಲೆ ಹಿಂಭಾಗ ಕುಪ್ಪಳಿಸುತ್ತಿತ್ತು. ಜೊತೆಗೆ ಬಲ ಹಿಂದಿನ ಶಾಕ್‌ನ ಕೆಳತುದಿಯಲ್ಲಿ ಎಣ್ಣೆಯ ಪಸೆ, ಅದಕ್ಕೆ ಹತ್ತಿದ ಕೆಂಪು ಧೂಳು.

ಹುಡುಗ ಕೈಕಟ್ಟಿ ಕೂತವನಲ್ಲ. ಮೊದಲು ಹಿಂದಿನ ಎರಡೂ ಸ್ಪ್ರಿಂಗುಗಳನ್ನು ತೆಗೆದು ಇನ್ನೂ ಗಟ್ಟಿಯಾದವನ್ನು ಹಾಕಿದ. ಕುಕ್ಕರಿಸುವುದು ಸ್ವಲ್ಪ ಕಡಿಮೆಯಾಯಿತು, ಕುಪ್ಪಳಿಸುವುದು ಹೆಚ್ಚಾಯಿತು. ಆಮೇಲೆ ಬಲ ಶಾಕ್‌ನ ಕಾಲರನ್ನು, ಅಂದರೆ ಸ್ಪ್ರಿಂಗನ್ನು ಮೇಲಿನಿಂದ ಒತ್ತಿ ಹಿಡಿಯುವ ತಿರುಗುಬಳೆಯನ್ನು, ಕೆಳಕ್ಕೆ ತಿರುಗಿಸಿ ಪ್ರಿಲೋಡ್ (ಸ್ಪ್ರಿಂಗನ್ನು ಮೊದಲೇ ಒತ್ತಿಟ್ಟ ಪ್ರಮಾಣ) ಹೆಚ್ಚಿಸಿದ. ಪ್ರಿಲೋಡ್ ಹೆಚ್ಚಿಸಿದರೆ ಸ್ಪ್ರಿಂಗ್ ಗಟ್ಟಿಯಾಗುತ್ತದೆ ಎಂಬುದು ಬಹಳ ಜನರಲ್ಲಿರುವ ನಂಬಿಕೆ, ಅವನಿಗೂ ಇತ್ತು. ಕಾಲರ್ ತಿರುಗಿಸಿದರೆ ಸ್ಪ್ರಿಂಗಿನ ಗಟ್ಟಿತನ ಬದಲಾಗುವುದಿಲ್ಲ, ಗಾಡಿ ನಿಲ್ಲುವ ಎತ್ತರ ಮಾತ್ರ ಬದಲಾಗುತ್ತದೆ. ಮೂಲೆ ಮೇಲೆ ಬಂದದ್ದನ್ನು ನೋಡಿ ಅವನಿಗೆ ಸಮಾಧಾನವಾಯಿತು. ಆದರೆ ಎತ್ತರ ನಿಂತ ಗಾಡಿಗೆ ಚಕ್ರ ಗುಂಡಿಗೆ ಇಳಿಯಲು ಉಳಿಯುವ ಓಟ ಕಡಿಮೆ, ಭಾರಕೇಂದ್ರವೂ ಮೇಲೆ, ಹಾಗಾಗಿ ಮಗುಚುವುದು ಇನ್ನಷ್ಟು ಸುಲಭವಾಯಿತು.

ಮೂರನೆಯ ಪ್ರಯತ್ನ ಎಣ್ಣೆಯದು. ಪೇಟೆಯ ಬೈಕ್ ಗ್ಯಾರೇಜಿನಿಂದ 20 ವೈಟ್ (ಎಣ್ಣೆಯ ದಪ್ಪ ಹೇಳುವ ಸಂಖ್ಯೆ) ಫೋರ್ಕ್ ಎಣ್ಣೆ, ಅಂದರೆ ಬೈಕಿನ ಮುಂದಿನ ಶಾಕ್‌ಗಳಿಗೆ ಹಾಕುವ ಎಣ್ಣೆ, ತಂದು ಹಿಂದಿನ ಎರಡೂ ಶಾಕ್‌ಗಳಿಗೆ, ಒಂದು ಹನಿಯೂ ವ್ಯರ್ಥವಾಗಬಾರದೆಂದು, ಅಂಚಿನವರೆಗೆ ತುಂಬಿದ. ಬೈಕಿಗೆ ಅದು ದಪ್ಪ ಎಣ್ಣೆಯೇ ಹೌದು, ಆದರೆ ನಮ್ಮ ಗಾಡಿಗಳ ಬಾಟಲಿಯ ಮೇಲಿನ 30 ವೈಟ್ ಎಂದರೆ ಸುಮಾರು 350 ಸಿಎಸ್‌ಟಿ (ಸೆಂಟಿಸ್ಟೋಕ್ಸ್, ಎಣ್ಣೆಯ ದಪ್ಪದ ಮಾನ). ಬೈಕಿನ 20 ಅದರ ಹತ್ತಿರಕ್ಕೂ ಬರುವುದಿಲ್ಲ. ವೈಟ್ ಎಂಬ ಸಂಖ್ಯೆ ಒಂದೊಂದು ಕಂಪನಿಗೆ ಒಂದೊಂದು ಅಳತೆ, ಸಿಎಸ್‌ಟಿ ಮಾತ್ರ ಎಲ್ಲ ಕಡೆಯೂ ಒಂದೇ. ಬಾಟಲಿ ಕೊಳ್ಳುವಾಗ ನೋಡಬೇಕಾದದ್ದು ಅದನ್ನು. ಇನ್ನೊಂದು ತೊಂದರೆ ಇದಕ್ಕಿಂತ ದೊಡ್ಡದು. ಆ ಶಾಕ್‌ಗಳ ಓ-ರಿಂಗ್‌ಗಳು (ಶಾಫ್ಟಿನ ಸುತ್ತ ಕೂತು ಎಣ್ಣೆ ತಡೆಯುವ ಬಳೆಗಳು) ಸಿಲಿಕೋನ್ ರಬ್ಬರಿನವು, ಫೋರ್ಕ್ ಎಣ್ಣೆ ಪೆಟ್ರೋಲಿಯಂ ಮೂಲದ್ದು. ಅದು ಆ ರಬ್ಬರನ್ನು ಉಬ್ಬಿಸುತ್ತದೆ. ಎರಡು ವಾರ ಸೋರಿಕೆ ನಿಂತಂತೆ ಕಂಡಿತು, ಉಬ್ಬಿದ ರಿಂಗು ಶಾಫ್ಟನ್ನು ಕಚ್ಚಿ ಹಿಡಿದಿತ್ತು. ಮೂರನೆಯ ವಾರ ಮೊದಲಿಗಿಂತ ಹೆಚ್ಚು ಸೋರಿತು. ಆಗ ಗಾಡಿಯನ್ನು ಗೋಣಿಚೀಲದಲ್ಲಿ ಸುತ್ತಿಕೊಂಡು, ಮಂಡಗದ್ದೆಯ ಮೇಲಿನ ಬಸ್ಸು ಹಿಡಿದು ಶಿವಮೊಗ್ಗಕ್ಕೆ ಬಂದ.

ನನ್ನ ಮೇಜಿನ ಮೇಲೆ

ಇಲ್ಲಿಂದ ನನ್ನ ತಪ್ಪು ಶುರುವಾಗುತ್ತದೆ. ಹುಡುಗ ಹೇಳಿದ ಲಕ್ಷಣಗಳನ್ನು ಕೇಳಿಸಿಕೊಂಡೆ, ಕಾಗದದಲ್ಲಿ ಬರೆದುಕೊಂಡೆ ಕೂಡ, ಆದರೆ ಕಣ್ಣು ಹೋದದ್ದು ಸೋರುತ್ತಿದ್ದ ಶಾಕ್‌ನ ಕಡೆಗೆ. ಎಣ್ಣೆ ಸೋರುತ್ತಿದೆ, ಗಾಡಿ ಕುಕ್ಕರಿಸುತ್ತಿದೆ, ಆದ್ದರಿಂದ ಎಣ್ಣೆಯಿಲ್ಲದ್ದಕ್ಕೇ ಕುಕ್ಕರಿಸುತ್ತಿದೆ ಎಂದು ಎರಡನ್ನೂ ಗಂಟು ಹಾಕಿಬಿಟ್ಟೆ.

ನಾಲ್ಕೂ ಶಾಕ್‌ಗಳನ್ನು ಬಿಚ್ಚಿದೆ. ಬಲ ಹಿಂದಿನದರ ಹಳೆಯ ಓ-ರಿಂಗನ್ನು ಗಾಜಿನ ಮೇಲೆ ಹೊಸದರ ಪಕ್ಕದಲ್ಲಿಟ್ಟರೆ ಅಣ್ಣತಮ್ಮಂದಿರಂತೆ ಕಾಣುತ್ತಿತ್ತು, ಹಳೆಯದೇ ಅಣ್ಣ. ಅದರ ಶಾಫ್ಟಿನ ಮೇಲೆ ಉಗುರಾಡಿಸಿದಾಗ ಉದ್ದುದ್ದದ ಗೀರುಗಳು ಸಿಕ್ಕಿದವು. ಓ-ರಿಂಗಿನ ಸಂದಿನಲ್ಲಿ ಸಿಕ್ಕಿಕೊಂಡ ನುಣ್ಣನೆಯ ಮಣ್ಣು ಪ್ರತಿ ಓಟಕ್ಕೂ ಉಕ್ಕನ್ನು ಉಜ್ಜಿತ್ತು. ಗೀರು ಬಿದ್ದ ಶಾಫ್ಟ್ ಇರುವವರೆಗೆ ಎಂಥ ಹೊಸ ರಿಂಗ್ ಹಾಕಿದರೂ ಸೋರಿಕೆ ತಪ್ಪದು, ಹಾಗಾಗಿ ಶಾಫ್ಟನ್ನೂ ಬದಲಿಸಿದೆ.

ಎಣ್ಣೆ ತುಂಬುವ ಬಗೆಯನ್ನು ಹುಡುಗನಿಗೆ ಪಕ್ಕದಲ್ಲಿ ಕೂರಿಸಿಕೊಂಡು ತೋರಿಸಿದೆ, ಏಕೆಂದರೆ ಅವನ ಅಂಚಿನವರೆಗಿನ ಧಾರಾಳವೂ ಸೋರಿಕೆಗೆ ಒಂದು ಕಾರಣ. ಶಾಫ್ಟ್ ಪೂರ್ತಿ ಹೊರಗಿದ್ದಾಗ ಅಂಚಿನವರೆಗೆ ತುಂಬಿ ಕ್ಯಾಪ್ ಬಿಗಿದರೆ, ಶಾಫ್ಟ್ ಒಳಗೆ ಬರುವಾಗ ಅದರ ಗಾತ್ರದಷ್ಟು ಎಣ್ಣೆಗೆ ಹೋಗಲು ಜಾಗವಿರುವುದಿಲ್ಲ. 3 ಮಿ.ಮೀ. ಶಾಫ್ಟ್ 28 ಮಿ.ಮೀ. ಒಳಗೆ ಬಂದರೆ ಆಕ್ರಮಿಸುವ ಜಾಗ ಸುಮಾರು 0.2 ಮಿಲಿ. ಕೇಳಲು ನಾಲ್ಕಾರು ಹನಿ, ಆದರೆ ದ್ರವ ಕುಗ್ಗುವುದಿಲ್ಲ. ಕ್ಯಾಪಿನ ಅಡಿಯ ರಬ್ಬರ್ ಬ್ಲ್ಯಾಡರಿಗೆ ತಗ್ಗಲು ಎಡೆಯಿಲ್ಲದಿದ್ದರೆ ಆ ನಾಲ್ಕಾರು ಹನಿ ಕೆಳಗಿನ ಓ-ರಿಂಗನ್ನು ತಳ್ಳಿಕೊಂಡೇ ಹೊರಬರುತ್ತವೆ. ತುಂಬಿದ ಮೇಲೆ ಪಿಸ್ಟನ್ನನ್ನು ಮೆಲ್ಲಗೆ ಮೇಲೆ ಕೆಳಗೆ ಆಡಿಸಿ, ಗುಳ್ಳೆಗಳು ಏರಿ ಒಡೆಯುವವರೆಗೆ ಐದು ಹತ್ತು ನಿಮಿಷ ಸುಮ್ಮನೆ ನಿಲ್ಲಿಸಿ, ಬ್ಲ್ಯಾಡರ್ ಕೂರಿಸಿ, ಕ್ಯಾಪನ್ನು ಅರ್ಧ ಸುತ್ತು ಸಡಿಲ ಬಿಟ್ಟು ಶಾಫ್ಟನ್ನು ನಿಧಾನವಾಗಿ ಒಳಕ್ಕೆ ಒತ್ತಬೇಕು. ಹೆಚ್ಚಾದದ್ದು ಕ್ಯಾಪಿನ ಅಂಚಿನಿಂದ ಒಸರಿ ಹೋಗುತ್ತದೆ, ಆಮೇಲೆ ಬಿಗಿ. ಹಿಂದಿನ ಜೋಡಿಗೆ 350, ಮುಂದಿನದಕ್ಕೆ 400 ಸಿಎಸ್‌ಟಿ ಹಾಕಿದೆ. ಕೈಯಲ್ಲಿ ಹಿಡಿದು ಒತ್ತಿ ನೋಡಿದರೆ ಎಡಬಲ ಜೋಡಿಗಳು ಒಂದೇ ವೇಗದಲ್ಲಿ ನಡೆಯುತ್ತಿದ್ದವು. ಕೆಲಸ ಮುಗಿಯಿತು ಎಂದುಕೊಂಡೆ.

ಗಾಡಿಗೆ ಕೂರಿಸಿ ಹಿಂಭಾಗವನ್ನು ಒತ್ತಿ ಬಿಟ್ಟೆ. ಎಡ ಮೂಲೆ ಎದ್ದಿತು. ಬಲ ಮೂಲೆ ಅರ್ಧ ಎದ್ದು ನಿಂತಿತು. ಶಾಕ್‌ನೊಳಗೆ ಗಾಳಿ ಉಳಿದಿರಬೇಕೆಂದು ಮತ್ತೆ ಬಿಚ್ಚಿ, ಮತ್ತೆ ತುಂಬಿ, ಮತ್ತೆ ಕೂರಿಸಿದೆ, ಅದೇ ಕಥೆ. ಒಂದು ಸಂಜೆ ಪೂರ್ತಿ ಹೀಗೆ ಹೋಯಿತು. ಕೊನೆಯ ಬಸ್ಸಿನ ಹೊತ್ತಾದ್ದರಿಂದ ಹುಡುಗ ಗಾಡಿಯನ್ನು ನನ್ನಲ್ಲೇ ಬಿಟ್ಟು ಹೋದ.

ಮರುದಿನ ಮೂರನೆಯ ಸಲ ಶಾಕ್ ಬಿಚ್ಚಲು ಗಾಡಿಯನ್ನು ಒಂದು ಡಬ್ಬಿಯ ಮೇಲೆ ಎತ್ತರಿಸಿಟ್ಟು ಬಲ ಚಕ್ರ ತೆಗೆದೆ. ಕಳಚಿದ ಸ್ಕ್ರೂಗಳನ್ನು ಹಾಕಿಕೊಳ್ಳಲು ಅಡಿಕೆ ಹಾಳೆಯ ಒಂದು ತಟ್ಟೆ ಇಟ್ಟುಕೊಂಡಿದ್ದೆ. ಶಾಕ್‌ನ ಕೆಳಗಿನ ಸ್ಕ್ರೂ ತೆಗೆದು ಅದರೊಳಗೆ ಹಾಕಿ, ಶಾಕನ್ನು ಪಕ್ಕಕ್ಕೆ ಸರಿಸಿ ತಿರುಗಿ ನೋಡಿದರೆ, ಹಿಡಿದಿಡುವುದು ಏನೂ ಇಲ್ಲದ ಸಸ್ಪೆನ್ಷನ್ ಆರ್ಮ್ (ಚಕ್ರವನ್ನು ಛಾಸಿಗೆ, ಅಂದರೆ ಗಾಡಿಯ ತಳಕಟ್ಟಿಗೆ, ಸೇರಿಸುವ ತೋಳು) ಗಾಳಿಯಲ್ಲಿ ಹಾಗೆಯೇ ನಿಂತಿತ್ತು. ಬೀಳಲಿಲ್ಲ. ಬೆರಳಿನಿಂದ ಕೆಳಗೆ ಒತ್ತಿದೆ, ಒತ್ತಿದಲ್ಲಿ ನಿಂತಿತು. ಮೇಲೆತ್ತಿದೆ, ಎತ್ತಿದಲ್ಲಿ ನಿಂತಿತು. ಎಡಗಡೆಯ ಶಾಕ್‌ನ ಸ್ಕ್ರೂ ತೆಗೆದ ಕೂಡಲೇ ಆ ಬದಿಯ ಆರ್ಮ್ ತನ್ನ ಭಾರಕ್ಕೆ ತಾನೇ ಠಕ್ಕೆಂದು ಕೆಳಗೆ ಬಿತ್ತು.

ಅಲ್ಲಿಯವರೆಗೆ ಇಬ್ಬರೂ ಶಾಕ್‌ಗೆ ಹೊರಿಸಿದ್ದ ದೋಷ ಶಾಕ್‌ನದ್ದಾಗಿರಲಿಲ್ಲ. ಇದನ್ನು ನಾನು ಮೇಜಿನ ಬಳಿ ಕೂರುವುದಕ್ಕೂ ಮೊದಲೇ ತಿಳಿಯಬೇಕಿತ್ತು, ಏಕೆಂದರೆ ಹುಡುಗ ಹೇಳಿದ ಮೊದಲ ಲಕ್ಷಣದಲ್ಲೇ ಉತ್ತರವಿತ್ತು. ಎಣ್ಣೆ ಒಡ್ಡುವ ತಡೆ ಪಿಸ್ಟನ್ನಿನ ವೇಗಕ್ಕೆ ತಕ್ಕಂತೆ ಇರುತ್ತದೆ; ಪಿಸ್ಟನ್ ನಿಂತಾಗ ಆ ತಡೆಯೂ ಸೊನ್ನೆ. ಎಷ್ಟೇ ದಪ್ಪ ಎಣ್ಣೆಯಾದರೂ ಗಾಡಿ ಏಳುವುದನ್ನು ತಡಮಾಡೀತೇ ಹೊರತು ತಡೆದು ನಿಲ್ಲಿಸಲಾರದು. ಎಣ್ಣೆ ಪೂರ್ತಿ ಸೋರಿಹೋದರೂ ಗಾಡಿ ಕುಕ್ಕರಿಸುವುದಿಲ್ಲ, ಕುಣಿಯುತ್ತದೆ ಅಷ್ಟೆ. ಒತ್ತಿ ಬಿಟ್ಟ ಗಾಡಿ ಅರ್ಧಕ್ಕೆ ನಿಂತು ಅಲ್ಲೇ ಉಳಿದರೆ ಅದು ಘರ್ಷಣೆಯ ಕೆಲಸ, ಘರ್ಷಣೆ ಇರುವುದು ಎಲ್ಲೋ ಎರಡು ಗಟ್ಟಿ ವಸ್ತುಗಳು ಉಜ್ಜುವಲ್ಲಿ.

ಪರೀಕ್ಷಿಸಲು ಎಡ ಆರ್ಮಿಗೆ ಶಾಕ್ ಮತ್ತೆ ಕಟ್ಟಿ, ಬಲದ್ದನ್ನೂ ಕಟ್ಟಿ, ಗಾಜಿನ ಮೇಲೆ ಗಾಡಿ ನಿಲ್ಲಿಸಿ, ಉಕ್ಕಿನ ಸ್ಕೇಲಿನಿಂದ ಛಾಸಿಯ ಹಿಂದಿನ ಮೂಲೆಗಳ ಎತ್ತರ ಅಳೆದೆ. ಒತ್ತಿ ಬಿಟ್ಟ ಮೇಲೆ ಬಲ ಮೂಲೆ 24 ಮಿ.ಮೀ., ಕೈಯಿಂದ ಎತ್ತಿ ಬಿಟ್ಟ ಮೇಲೆ 33. ಎಡದಲ್ಲಿ 29 ಮತ್ತು 31. ಒಂದೇ ಸ್ಪ್ರಿಂಗ್, ಒಂದೇ ಭಾರ, ಆದರೂ ಬಲ ಮೂಲೆಗೆ 9 ಮಿ.ಮೀ. ಅಗಲದ ಒಂದು ಪಟ್ಟಿಯೊಳಗೆ ಎಲ್ಲಿ ಬೇಕಾದರೂ ನಿಲ್ಲುವ ಸ್ವಾತಂತ್ರ್ಯ. ಇಂಥ ಗಾಡಿಯಲ್ಲಿ ಎತ್ತರ ಹೊಂದಿಸುವುದೆಂದರೆ ನೀರಿನ ಮೇಲೆ ಗೆರೆ ಎಳೆದಂತೆ. ಹುಡುಗ ಕಾಲರ್ ತಿರುಗಿಸಿದಷ್ಟೂ ಸಲ ಅವನಿಗೆ ಬೇರೆ ಬೇರೆ ಫಲ ಸಿಕ್ಕಿದ್ದು ಇದರಿಂದ.

ಹಿಡಿತ ಎಲ್ಲಿದೆ?

ಆರ್ಮ್ ಬಿಗಿಯಾಗಲು ಈ ಗಾಡಿಯಲ್ಲಿ ಮೂರು ಜಾಗಗಳಿವೆ: ಮೋಟಾರಿನಿಂದ ಚಕ್ರಕ್ಕೆ ಹೋಗುವ, ಒಂದರೊಳಗೊಂದು ಜಾರುವ ಡ್ರೈವ್ ಶಾಫ್ಟ್; ಚಕ್ರದ ಕಡೆಯ ಹೊರ ಹಿಂಜ್ ಪಿನ್ (ಆರ್ಮಿನ ಕೀಲಿನ ಕಡ್ಡಿ); ಛಾಸಿಯ ಕಡೆಯ ಒಳ ಹಿಂಜ್ ಪಿನ್. ಮೂರನ್ನೂ ಒಟ್ಟಿಗೆ ಬಿಚ್ಚಿ ತೊಳೆದು ಕಟ್ಟಿದ್ದರೆ ಗಾಡಿ ಸರಿಯಾಗುತ್ತಿತ್ತೇನೋ, ಆದರೆ ಕಾರಣ ತಿಳಿಯುತ್ತಿರಲಿಲ್ಲ. ಒಂದು ಸಂಜೆ ಆಗಲೇ ಹಾಳಾಗಿದ್ದರಿಂದ ಈ ಸಲ ಅವಸರ ಮಾಡಲಿಲ್ಲ. ಮೊದಲು ಡ್ರೈವ್ ಶಾಫ್ಟ್ ಕಳಚಿದೆ. ಜಾರುವ ಭಾಗದಲ್ಲಿ ಮಣ್ಣಿತ್ತು, ಆದರೆ ಆರ್ಮ್ ಇನ್ನೂ ಗಾಳಿಯಲ್ಲೇ. ಹೊರ ಪಿನ್ ತೆಗೆದೆ, ಆಗಲೂ ಅಷ್ಟೆ. ಉಳಿದದ್ದು ಒಳ ಪಿನ್.

ಅದು ಬೆರಳಿಗೆ ಬರಲಿಲ್ಲ, ಇಕ್ಕಳದಿಂದ ತಿರುಚಿ ತಿರುಚಿ ಎಳೆಯಬೇಕಾಯಿತು. ಹೊರಬಂದ ಪಿನ್ನನ್ನು ಗಾಜಿನ ಮೇಲೆ ಉರುಳಿಸಿದಾಗ ನಡುಭಾಗದ ಕೆಳಗೆ ಬೆಳಕಿನ ಒಂದು ಸಣ್ಣ ಗೆರೆ ಕಾಣಿಸಿ ಮಾಯವಾಗಿ ಮತ್ತೆ ಕಾಣಿಸುತ್ತಿತ್ತು: ಪಿನ್ ಬಾಗಿತ್ತು. ಅದರ ಮೈಮೇಲೆ ಇಟ್ಟಿಗೆ ಬಣ್ಣದ ಹಕ್ಕಳೆ, ಹಕ್ಕಳೆಯ ನಡುವೆ ಅಲ್ಲಲ್ಲಿ ನಸುನೀಲಿ ಬೆರೆತ ಬಿಳಿ. ಬೋರ್ಡೋ ದ್ರಾವಣದ ಬಣ್ಣದ ಆ ನಸುನೀಲಿಯನ್ನು ನೋಡಿದ ಮೇಲೆಯೇ ನಾನು ಹುಡುಗನಿಗೆ ಫೋನ್ ಮಾಡಿ, ಗಾಡಿಯನ್ನು ಯಾವುದರಿಂದ ತೊಳೆಯುತ್ತೀ ಎಂದು ಕೇಳಿದ್ದು. ಜಂಬಿಟ್ಟಿಗೆಯ ಮೆಟ್ಟಿಲಿನ ಮಾತೂ ಅದೇ ಫೋನಿನಲ್ಲಿ ಬಂತು.

ಹೊಸ ಪಿನ್ ಹಾಕಿದರೂ ಆರ್ಮ್ ಪೂರ್ತಿ ಸಡಿಲವಾಗಲಿಲ್ಲ. ಪ್ಲಾಸ್ಟಿಕ್ಕಿನ ರಂಧ್ರದ ಒಳಗೋಡೆಗೂ ಅದೇ ಹಕ್ಕಳೆ ಹತ್ತಿತ್ತು. ಡ್ರಿಲ್ ಮೆಷಿನ್ನಿಗೆ ಕೈ ಹಾಕದೆ, ಪಿನ್ನಿನ ಅಳತೆಯದೇ ಒಂದು ಡ್ರಿಲ್ ಬಿಟ್ಟನ್ನು ಬೆರಳುಗಳ ನಡುವೆ ಹಿಡಿದು ತಿರುಗಿಸುತ್ತ ಒಳಗೆ ಬಿಟ್ಟೆ. ಮೆಷಿನ್ ಉಪಯೋಗಿಸಿದ್ದರೆ ಪ್ಲಾಸ್ಟಿಕ್ ಕರಗಿ ರಂಧ್ರ ಸಡಿಲವಾಗುವ ಅಪಾಯವಿತ್ತು. ಸುರುಳಿಯ ಸಂದಿನಲ್ಲಿ ಕೆಂಪು ಹಿಟ್ಟು ಬಂತು. ಒಣ ಬಟ್ಟೆಯಿಂದ ಒರಸಿ ಪಿನ್ ಹಾಕಿದೆ, ಆರ್ಮ್ ಬಿತ್ತು. ಗ್ರೀಸ್ ಹಚ್ಚಲಿಲ್ಲ. ಹಚ್ಚಬೇಕೆಂಬುದು ಬೈಕ್ ನೋಡಿ ಬೆಳೆದ ನಮ್ಮೆಲ್ಲರ ಕೈಯ ಚಪಲ, ಆದರೆ ತೆರೆದ ಪಿನ್ನಿಗೆ ಹಚ್ಚಿದ ಗ್ರೀಸು ಮುಂದಿನ ಓಟದ ಧೂಳನ್ನು ಕರೆದು ಕೂರಿಸಿಕೊಂಡು ತಾನೇ ಉಜ್ಜುಕಾಗದವಾಗುತ್ತದೆ. ಎಲ್ಲ ಕಟ್ಟಿದ ಮೇಲೆ ಅಳೆದರೆ ಬಲ ಮೂಲೆ ಒತ್ತಿ ಬಿಟ್ಟಾಗ 31, ಎತ್ತಿ ಬಿಟ್ಟಾಗ 32: ಪಟ್ಟಿ 1 ಮಿ.ಮೀ.ಗೆ ಇಳಿದಿತ್ತು, ಆದರೆ ಕಾಲರನ್ನು ಇನ್ನೂ ಹುಡುಗ ಇಟ್ಟಲ್ಲೇ ಬಿಟ್ಟಿದ್ದರಿಂದ ಮೂಲೆ ಎಡದ್ದಕ್ಕಿಂತ ಎತ್ತರ ನಿಂತಿತ್ತು.

ಮಗುಚುವಿಕೆ ಮಾತ್ರ ಬೇರೆಯಾಗಿ ನೋಡಬೇಕಾಗಿತ್ತು. ಹುಡುಗನ ಮನೆಯಲ್ಲಿ ಏಲಕ್ಕಿ ತೂಗುವ ಡಿಜಿಟಲ್ ತಕ್ಕಡಿಯಿತ್ತು, ಮುಂದಿನ ಭಾನುವಾರ ಅದನ್ನು ತಂದ. ಒಂದು ಚಕ್ರವನ್ನು ತಕ್ಕಡಿಯ ಮೇಲೂ ಉಳಿದ ಮೂರನ್ನು ತಕ್ಕಡಿಯಷ್ಟೇ ದಪ್ಪದ ಹಲಗೆಗಳ ಮೇಲೂ ಇಟ್ಟು, ಪ್ರತಿ ಸಲವೂ ಗಾಡಿಯನ್ನು ಎರಡು ಅಂಗುಲ ಎತ್ತಿ ಕೈಬಿಟ್ಟು, ನಾಲ್ಕು ಮೂಲೆಗಳನ್ನೂ ತೂಗಿದೆವು. ಮುಂದಿನ ಎಡ 590 ಗ್ರಾಂ, ಮುಂದಿನ ಬಲ 510. ಹಿಂದಿನ ಎಡ 620, ಹಿಂದಿನ ಬಲ 700. ಎಡಗಡೆಯ ಮೊತ್ತವೂ ಬಲಗಡೆಯ ಮೊತ್ತವೂ 1210, ಆದ್ದರಿಂದ ಬ್ಯಾಟರಿ ಇಟ್ಟ ಜಾಗದಲ್ಲಿ ದೋಷವಿಲ್ಲ. ಆದರೆ ಕುಂಟು ಕಾಲಿನ ಮೇಜಿನ ಹಾಗೆ, ಮುಂದಿನ ಎಡ ಮತ್ತು ಹಿಂದಿನ ಬಲ ಎಂಬ ಒಂದು ಕರ್ಣದ ಮೇಲೆ ಭಾರ ಕೂತಿತ್ತು. ಬಲ ಹಿಂದಿನ ಕಾಲರನ್ನು ಕೆಳಗೆ ತಿರುಗಿಸಿದ್ದರ ಫಲ ಇದು. ಒಂದು ಮೂಲೆ ಎತ್ತಿದರೆ ಅದರ ಎದುರು ಮೂಲೆಯೂ ಭಾರ ಹೊರುತ್ತದೆ. ಹಿಂದಿನ ಎರಡೂ ಕಾಲರುಗಳನ್ನು ಸಮ ಮಾಡಿ, ಗಟ್ಟಿ ಸ್ಪ್ರಿಂಗುಗಳ ಜಾಗಕ್ಕೆ ಮೂಲದವನ್ನು ಹಾಕಿದ ಮೇಲೆ ಮುಂದಿನ ಜೋಡಿ 549 ಮತ್ತು 551, ಹಿಂದಿನ ಜೋಡಿ 661 ಮತ್ತು 659ಕ್ಕೆ ಬಂದು ನಿಂತಿತು. ಇಷ್ಟು ಸರಿಸಮ ಬೇಕಾಗಿಯೂ ಇರಲಿಲ್ಲ, ಐದಾರು ಗ್ರಾಂ ಆಚೀಚೆ ಆದರೆ ಗಾಡಿಗೆ ತಿಳಿಯುವುದಿಲ್ಲ. ಹುಡುಗ ಹಟ ಹಿಡಿದು ಮಾಡಿದ.

ಗದ್ದೆಯಲ್ಲಿ

ಅಷ್ಟರಲ್ಲಿ ಕೊಯ್ಲು ಶುರುವಾಗಿ ಅವರ ಅಂಗಳದ ತುಂಬ ಅಡಿಕೆ ಹರಡಿತ್ತು, ಹಾಗಾಗಿ ಪರೀಕ್ಷೆ ನಡೆದದ್ದು ಮನೆಯ ಕೆಳಗಿನ, ಭತ್ತ ಕೊಯ್ದ ಗದ್ದೆಯಲ್ಲಿ. ಸಾಲು ಕೂಳೆಗಳು ಒಂದೇ ಅಂತರದಲ್ಲಿ ನಿಂತ ಒಣ ಗದ್ದೆಗಿಂತ ಒಳ್ಳೆಯ ಸಸ್ಪೆನ್ಷನ್ ಪರೀಕ್ಷಾ ಮೈದಾನವನ್ನು ನಾನು ಕಂಡಿಲ್ಲ.

ಎಡಕ್ಕೆ ತಿರುಗಿದಾಗ ಮಗುಚುವುದು ಪೂರ್ತಿ ನಿಂತಿತ್ತು. ಕುಕ್ಕರಿಸುವುದೂ ಇಲ್ಲ. ದಬ್ಬೆಯ ಹಲಗೆಯಿಂದ ಹಾರಿ ಬಿದ್ದಾಗ ಛಾಸಿ ನೆಲಕ್ಕೆ ತುಸು ಜೋರಾಗಿಯೇ ಬಡಿಯುತ್ತಿತ್ತು, ಆದ್ದರಿಂದ ಹಿಂದಿನ ಎಣ್ಣೆಯನ್ನು ಮಾತ್ರ 350ರಿಂದ 400 ಸಿಎಸ್‌ಟಿಗೆ ಏರಿಸಿ ನೋಡಿದೆವು. ಬೀಳುವಿಕೆ ಮೆತ್ತಗಾಯಿತು, ಆದರೆ ಕೂಳೆಗಳ ಸಾಲಿನ ಮೇಲೆ ಹಿಂಭಾಗ ಮತ್ತೆ ಕುಪ್ಪಳಿಸತೊಡಗಿತು: ಒಂದು ಕೂಳೆಗೆ ಒಳಹೋದ ಶಾಕ್, ದಪ್ಪ ಎಣ್ಣೆಯ ದೆಸೆಯಿಂದ, ಮುಂದಿನ ಕೂಳೆ ಬರುವುದರೊಳಗೆ ಹೊರಬರುತ್ತಿರಲಿಲ್ಲ. ಹುಡುಗನಿಗೆ ಹಾರುವುದು ಇಷ್ಟ, ನನಗೆ ಓಡುವುದು. ಸ್ವಲ್ಪ ಚರ್ಚೆಯಾದ ಮೇಲೆ 350ಕ್ಕೇ ಮರಳಿದೆವು. ಹಾರಿದಾಗಿನ ಒಂದು ಬಡಿತ ಒಂದು ಕ್ಷಣದ್ದು, ಕುಪ್ಪಳಿಸುವುದು ಓಟದ ಉದ್ದಕ್ಕೂ ಇರುವಂಥದ್ದು ಎಂಬುದು ನನ್ನ ವಾದವಾಗಿತ್ತು. ಹಾರುವಾಗ ಮೂಗು ಕೆಳಗೆ ಮಾಡಿ ಬೀಳುತ್ತದೆ ಎಂಬ ಅವನ ಇನ್ನೊಂದು ದೂರಿಗೆ ಶಾಕ್‌ನಲ್ಲಿ ಮದ್ದಿಲ್ಲ. ಗಾಳಿಯಲ್ಲಿರುವಾಗ ಥ್ರಾಟಲ್ ಕೊಟ್ಟರೆ ಮೂಗು ಏಳುತ್ತದೆ, ಬ್ರೇಕ್ ಹಿಡಿದರೆ ಇಳಿಯುತ್ತದೆ. ಅವನು ಭಯಕ್ಕೆ ಪ್ರತಿ ಸಲವೂ ಬ್ರೇಕ್ ಹಿಡಿಯುತ್ತಿದ್ದ.

ಈ ಪ್ರಕರಣದ ನಂತರ ನನ್ನ ಕೆಲಸದ ಕ್ರಮ ಬದಲಾಗಿದೆ. ಯಾವ ಗಾಡಿ ಬಂದರೂ, ಶಾಕ್ ಎಷ್ಟೇ ಸೋರುತ್ತಿರಲಿ, ಮೊದಲು ನಾಲ್ಕೂ ಶಾಕ್‌ಗಳ ಕೆಳಗಿನ ಸ್ಕ್ರೂ ತೆಗೆದು ಆರ್ಮುಗಳು ತಾವಾಗಿ ಬೀಳುತ್ತವೆಯೇ ನೋಡುತ್ತೇನೆ, ಆಮೇಲೆ ಒತ್ತಿ ಬಿಟ್ಟ ಎತ್ತರ ಮತ್ತು ಎತ್ತಿ ಬಿಟ್ಟ ಎತ್ತರಗಳನ್ನು ಅಳೆಯುತ್ತೇನೆ, ಎಣ್ಣೆಯ ಬಾಟಲಿ ಕಪಾಟಿನಿಂದ ಇಳಿಯುವುದು ಅದಾದ ಮೇಲೆ. ಐದು ನಿಮಿಷದ ಕೆಲಸ. ಗಾಡಿ ತಂದವರ ಎದುರೇ ಇದನ್ನು ಮಾಡಿದರೆ ಅವರ ನೆನಪಿನಲ್ಲಿರುವ ಕಲ್ಲು, ಮೆಟ್ಟಿಲು, ಪಂಪುಗಳೂ ತಾವಾಗಿ ಮಾತಿಗೆ ಬರುತ್ತವೆ ಎಂಬುದು ಆಮೇಲೆ ಕಂಡುಕೊಂಡ ಸಂಗತಿ.

ಮಾಘದಲ್ಲಿ ಹುಡುಗ ಫೋನ್ ಮಾಡಿ, ಎಡ ಹಿಂದಿನ ಮೂಲೆ ತಡವಾಗಿ ಏಳುತ್ತಿದೆ ಎಂದ. ನಾನು ಏನಾದರೂ ಹೇಳುವ ಮೊದಲೇ, ಸ್ಕ್ರೂ ತೆಗೆದು ನೋಡಿದೆ, ಆರ್ಮ್ ಸಲೀಸಾಗಿ ಬೀಳುತ್ತಿದೆ, ಮೂಲೆ ನಿಧಾನವಾಗಿಯಾದರೂ ಪೂರ್ತಿ ಏಳುತ್ತಿದೆ, ಹಾಗಾದರೆ ಇದು ಎಣ್ಣೆಯದೇ ಇರಬೇಕಲ್ಲವೇ ಎಂದು ಕೇಳಿದ. ಎಣ್ಣೆಯದೇ ಆಗಿತ್ತು. ನಾವು 400 ಹಾಕಿ ನೋಡಿದ ದಿನ ಗದ್ದೆಯ ಬದುವಿನ ಮೇಲೆ ಕುಳಿತು 350 ತುಂಬುವಾಗ ಬಲ ಶಾಕನ್ನು ಮಾತ್ರ ಬದಲಿಸಿ, ಮಾತಿನ ಭರದಲ್ಲಿ ಎಡದ್ದನ್ನು ಹಾಗೆಯೇ ಬಿಟ್ಟಿದ್ದೆವು.